ಸಂಶೋಧನೆಯನ್ನು ಎಣಿಸಿದ್ದು ಸಾಕು, ಓದಲಿ

ಮಾನ್ಯ ಸಂಪಾದಕರೇ,

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಪಿಎಚ್‌.ಡಿ. ಪ್ರಬಂಧ ಟೈಪ್ ಮಾಡಿ, ಕರಡು ತಿದ್ದಿ, ಬೈಂಡಿಂಗ್ ಮಾಡಿಸಿ ಕೊಡುವುದು ನನ್ನ ಕೆಲಸ. ವಿಶ್ವವಿದ್ಯಾಲಯಗಳ ಸಂಶೋಧನೆಯ ಗುಣಮಟ್ಟ ಅಳೆಯಲು ರಾಷ್ಟ್ರಮಟ್ಟದ ವ್ಯವಸ್ಥೆ ಬೇಕು ಎನ್ನುವವರಿಗೆ ನಾನು ಹೇಳುವುದಿಷ್ಟೆ: ಅಳೆಯುವವರು ಮೊದಲು ಓದಬೇಕು.

ಈಚೆಗೆ ಹಾವೇರಿ ಕಡೆಯ ವಿದ್ಯಾರ್ಥಿನಿಯೊಬ್ಬಳು ದೊಡ್ಡಾಟದ ಮೇಲಿನ ಪ್ರಬಂಧ ತಂದಿದ್ದಳು. ಅನುಬಂಧದ ತುಂಬ ಊರೂರು ತಿರುಗಿ ಬರೆದುಕೊಂಡ ಪದಗಳು. ಹಿರಿಯ ಕಲಾವಿದರು ಸಾಲು ಮರೆತ ಕಡೆ ಚುಕ್ಕಿ ಇಟ್ಟು, ಇನ್ನೊಂದು ಊರಿನವರು ಹಾಡಿದ ಸಾಲನ್ನು ಅಡಿಟಿಪ್ಪಣಿಯಲ್ಲಿ ಕೊಟ್ಟಿದ್ದಳು. 'ಆ ಚುಕ್ಕಿ ಬಿಟ್ಟುಹೋಗಬಾರದ್ರಿ ಅಣ್ಣಾರ' ಎಂದು ಮತ್ತೆ ಮತ್ತೆ ಫೋನ್ ಮಾಡುತ್ತಿದ್ದಳು. ಅದೇ ವಾರ ಇನ್ನೊಬ್ಬರು ಬಂದರು. ಒಂದೇ ಲೇಖನವನ್ನು ತಲೆಬರಹ ಬದಲಿಸಿ, ಪ್ಯಾರಾ ಹಿಂದುಮುಂದು ಮಾಡಿ ಮೂರು ಮಾಡಿಕೊಡಬೇಕಂತೆ. ದುಡ್ಡು ಕಟ್ಟಿದರೆ ವಾರದೊಳಗೆ ಅಚ್ಚಾಗುತ್ತದಂತೆ. ನಾನು ಒಪ್ಪಲಿಲ್ಲ, ಬೇರೆ ಯಾರೋ ಮಾಡಿಕೊಟ್ಟಿರುತ್ತಾರೆ. ಲೆಕ್ಕ ಹಾಕುವವರ ಪಟ್ಟಿಯಲ್ಲಿ ಇವರಿಗೆ ಮೂರು ಲೇಖನ, ಆಕೆಗೆ ಸೊನ್ನೆ.

ಕೃತಿಚೌರ್ಯದ ತಪಾಸಣೆಯ ಪಾಡೂ ಇದೇ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಂತೆ ಹೋಲಿಕೆ ಶೇ 10ರೊಳಗಿದ್ದರೆ ದಂಡವಿಲ್ಲ. ಆದರೆ ಹಳೆಯ ನುಡಿ ಫಾಂಟಿನಲ್ಲಿ ಟೈಪಾದ ಕಡತ ನಮ್ಮ ಕಣ್ಣಿಗಷ್ಟೇ ಕನ್ನಡ. ಕಂಪ್ಯೂಟರು ಕನ್ನಡ ಅಕ್ಷರವನ್ನು ಕನ್ನಡವೆಂದೇ ಗುರುತಿಸುವ ಯೂನಿಕೋಡ್ ಸಂಕೇತದಲ್ಲಿ ಅದು ಇರದ್ದರಿಂದ ಕಂಪ್ಯೂಟರಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅದನ್ನು ಯೂನಿಕೋಡ್ ಪುಸ್ತಕದ ಜೊತೆ ಹೋಲಿಸಿದರೆ ಪುಟಗಟ್ಟಲೆ ನಕಲೂ ಸಿಕ್ಕಿಬೀಳುವುದಿಲ್ಲ. ವಿಷಯ ಬಲ್ಲವರೊಬ್ಬರು ಹತ್ತು ಪುಟ ಓದಿದರೆ ಸಿಕ್ಕಿಬೀಳುತ್ತದೆ.

ಪಟ್ಟಿಗಳನ್ನು ನಂಬಿ ಕೆಟ್ಟದ್ದೂ ಆಯಿತು. 2018ರ ಮೇ ತಿಂಗಳಲ್ಲಿ ಯುಜಿಸಿ ತಾನೇ ಮಾನ್ಯ ಮಾಡಿದ ಪಟ್ಟಿಯಿಂದ 4,305 ಸಂಶೋಧನಾ ಪತ್ರಿಕೆಗಳನ್ನು ತೆಗೆದುಹಾಕಿತು. ಆಮೇಲೆ ಒಳ್ಳೆಯ ಪತ್ರಿಕೆಗಳದೆಂದು ತಂದ ಕೇರ್ ಪಟ್ಟಿಯನ್ನೂ 2025ರಲ್ಲಿ ಕೈಬಿಟ್ಟು, ಒಳ್ಳೆಯ ಪತ್ರಿಕೆ ಯಾವುದೆಂದು ನೀವೇ ನಿರ್ಧರಿಸಿ ಎಂದು ಸಂಸ್ಥೆಗಳಿಗೆ ಬಿಟ್ಟಿತು. ಕೇಂದ್ರ ಸರ್ಕಾರ ಶಿಕ್ಷಣ ಸಂಸ್ಥೆಗಳಿಗೆ ಕೊಡುವ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ ನೋಡಿದರೆ ಅಲ್ಲಿ ಲೇಖನ, ಉಲ್ಲೇಖಗಳ ಲೆಕ್ಕ ಬರುವುದು ಸ್ಕೋಪಸ್, ವೆಬ್ ಆಫ್ ಸೈನ್ಸ್ ಎಂಬ ಅಂತರರಾಷ್ಟ್ರೀಯ ಲೇಖನ ಸೂಚಿಗಳಿಂದ. ಕನ್ನಡದ ಸಂಶೋಧನಾ ಪತ್ರಿಕೆಗಳನ್ನು ಅಲ್ಲಿ ಹುಡುಕಿ ನೋಡಿ!

ಬ್ರಿಟನ್‌ನಲ್ಲಿ 1986ರಿಂದ ಇಂಥ ಮೌಲ್ಯಮಾಪನ ನಡೆದಿದೆ. ವಿಷಯವಾರು ಸಮಿತಿಗಳಲ್ಲಿ ಆಯಾ ವಿಷಯದ ವಿದ್ವಾಂಸರೇ ಕೂತು ಕೃತಿಗಳನ್ನು ಓದಿ ದರ್ಜೆ ಕೊಡುತ್ತಾರೆ. 2021ರಲ್ಲಿ ಕೃತಿಗಳಿಗೆ ಶೇ 60, ಸಮಾಜದ ಮೇಲಾದ ಪರಿಣಾಮಕ್ಕೆ ಶೇ 25, ಸಂಶೋಧನಾ ವಾತಾವರಣಕ್ಕೆ ಶೇ 15 ಅಂಕವಿತ್ತು. ವೇಲ್ಷ್ ಭಾಷೆಯ ಬರಹವನ್ನೂ ಸಲ್ಲಿಸಬಹುದು. ಖರ್ಚಿನ ಬಾಬತ್ತು ನಿಜ. ಅದಕ್ಕೇ ಪ್ರತಿವರ್ಷ ಬೇಡ; ಅಲ್ಲಿ 2014ರ ನಂತರ ನಡೆದದ್ದೇ 2021ರಲ್ಲಿ. ಒಬ್ಬರಿಂದ ಒಂದೆರಡು ಒಳ್ಳೆಯ ಕೃತಿ ಕೇಳಿದರೆ ಓದುವ ಹೊರೆಯೂ ಇಳಿಯುತ್ತದೆ, ಒಂದನ್ನು ಮೂರು ಮಾಡುವ ದಂಧೆಯೂ ನಿಲ್ಲುತ್ತದೆ.

ಪರಿಣಾಮದ ಅಂಕವಂತೂ ನಮ್ಮ ಭಾಗಕ್ಕೆ ಬೇಕೇ ಬೇಕು. ಅಣ್ಣಿಗೇರಿ-1 ಕಡಲೆ ತಳಿ 1978ರಲ್ಲಿ ಬಿಡುಗಡೆಯಾಯಿತು. ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿಗೆ ದಶಕಗಳ ಕಾಲ ಅದನ್ನೇ ಬಿತ್ತಿದರು. ಆ ಸಂಶೋಧನೆಯ ಬೆಲೆ ಯಾವ ಉಲ್ಲೇಖ ಸೂಚ್ಯಂಕದಲ್ಲಿ ಸಿಕ್ಕೀತು?

ರಾಷ್ಟ್ರೀಯ ವ್ಯವಸ್ಥೆ ಬರುವುದಾದರೆ ಕನ್ನಡದಲ್ಲಿ ಬರೆದ ಸಂಶೋಧನೆಯನ್ನು ಕನ್ನಡ ಬಲ್ಲ ಪರಿಣತರೇ ಓದುವಂತೆ ನಿಯಮದಲ್ಲೇ ಬರೆಯಬೇಕು. ಸಮಿತಿಯ ಷರಾವನ್ನು ಎಲ್ಲರೂ ನೋಡುವಂತೆ ಪ್ರಕಟಿಸಬೇಕು. ರಾಜ್ಯ ಉನ್ನತ ಶಿಕ್ಷಣ ಪರಿಷತ್ತು ಈ ಬೇಡಿಕೆಯನ್ನು ಈಗಲೇ ದೆಹಲಿಗೆ ಮುಟ್ಟಿಸಲಿ.

— ಡಿಟಿಪಿ ಅಂಗಡಿಕಾರ, ಸಪ್ತಾಪುರ, ಧಾರವಾಡ