ಏಕಂ, ದ್ವೇ, ತ್ರೀಣಿ ಬರುತ್ತದೆ. ಒಂದು, ಎರಡು, ಮೂರು ಬರುವುದಿಲ್ಲ

ಸಂಪಾದಕರಿಗೆ,

ಮಾನ್ಯರೆ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಯೋಗ ಕಲಿಯಲು ಮೈಸೂರಿಗೆ ಬರುವ ವಿದೇಶಿಯರ ಬಗ್ಗೆ ಸಿಟ್ಟಿನಿಂದ ಬರೆದಿದ್ದರು. ತುಂಡು ಬಟ್ಟೆ ತೊಟ್ಟು ಬೀದಿಯಲ್ಲಿ ಓಡಾಡುತ್ತಾರೆ, ನಮ್ಮ ಸಂಸ್ಕೃತಿಯ ಗಾಳಿಯೇ ಅವರಿಗೆ ಸೋಕುವುದಿಲ್ಲ ಎಂಬುದು ಅವರ ದೂರು. ಗೋಕುಲಂನಲ್ಲಿರುವ ನಮ್ಮ ಮನೆಯ ಮಹಡಿಯನ್ನು ಹದಿನಾರು ವರ್ಷಗಳಿಂದ ಇಂಥವರಿಗೇ ಬಾಡಿಗೆಗೆ ಕೊಡುತ್ತಾ ಬಂದವಳು ನಾನು. ಆ ಪತ್ರದ ಅರ್ಧವನ್ನು ಒಪ್ಪುತ್ತೇನೆ. ಬಟ್ಟೆಯ ವಿಷಯ ನಿಜ. ಮೊಣಕಾಲು ಮುಚ್ಚದ ಚಡ್ಡಿಯಲ್ಲಿ ಚಾಮುಂಡಿ ಬೆಟ್ಟಕ್ಕೆ ಹೊರಟಿದ್ದ ಹುಡುಗನೊಬ್ಬನನ್ನು ಗೇಟಿನ ಬಳಿ ತಡೆದು, ನಮ್ಮ ಯಜಮಾನರ ಹಳೆಯ ಪಂಚೆ ಉಡಿಸಿ ಕಳುಹಿಸಿದ್ದೇನೆ. ಸಾವಿರ ಮೆಟ್ಟಿಲು ಹತ್ತುವಷ್ಟರಲ್ಲಿ ಅದು ಎಷ್ಟು ಸಲ ಬಿಚ್ಚಿತೋ ಆ ತಾಯಿಯೇ ಬಲ್ಲಳು. ಮರುದಿನ ಒಗೆದು, ಮಡಿಸಿ ತಂದುಕೊಟ್ಟ. ಇನ್ನರ್ಧವನ್ನು ಮಾತ್ರ ಒಪ್ಪಲಾರೆ. ನಮ್ಮ ಗಾಳಿ ಅವರಿಗೆ ಸೋಕದಿದ್ದರೆ ಕಿಟಕಿ ಹಾಕಿಕೊಂಡು ಕೂತವರು ಯಾರು ಎಂದು ಕೇಳಬೇಕಾಗುತ್ತದೆ.

ಮಹಡಿಯನ್ನು ವಿದೇಶಿಯರಿಗೆ ಕೊಡುವುದೆಂದರೆ ಬೀಗದ ಕೈ ಕೊಟ್ಟು ಕೈತೊಳೆದುಕೊಳ್ಳುವ ಕೆಲಸವಲ್ಲ. ಬಂದ 24 ಗಂಟೆಯೊಳಗೆ ಪಾಸ್‌ಪೋರ್ಟು, ವೀಸಾ ವಿವರ ಸೇರಿಸಿ, ಅವರು ತಂಗಿರುವುದನ್ನು ಸರ್ಕಾರಕ್ಕೆ ತಿಳಿಸುವ ಫಾರಂ ತುಂಬಬೇಕು. ಮೊದಮೊದಲು ಸೈಬರ್ ಅಂಗಡಿಯ ಹುಡುಗನನ್ನು ಕಾಡುತ್ತಿದ್ದೆ, ಈಗ ನಾನೇ ತುಂಬುತ್ತೇನೆ. ನೀರು ಬಿಡುವ ಹೊತ್ತು, ಸೋಲಾರ್ ನಲ್ಲಿ ಯಾವುದು, ಹಸಿ ಕಸ ಯಾವುದು ಒಣ ಕಸ ಯಾವುದು, ಎಲ್ಲವನ್ನೂ ಹೇಳಿಕೊಡಬೇಕು. ಅವರ ದಿನಚರಿಯೋ, ನಮ್ಮ ಅತ್ತೆಯವರ ಮಡಿಗಿಂತ ಒಂದು ಕೈ ಮೇಲು. ಬೆಳಗಿನ ಮೂರೂವರೆಗೆ ಮೇಲೆ ಬಚ್ಚಲಲ್ಲಿ ನೀರಿನ ಸದ್ದು. ನಾಲ್ಕಕ್ಕೆ ಬರೀ ಹೊಟ್ಟೆಯಲ್ಲಿ ಚಾಪೆ ಹೆಗಲಿಗೇರಿಸಿ ಹೊರಟರೆ, ಎಂಟು ಗಂಟೆಗೆ ಬೆವರಿ ಬೆಂಡಾಗಿ ಎಳನೀರು ಗಾಡಿಯ ಮುಂದೆ ನಿಂತಿರುತ್ತಾರೆ. ಶನಿವಾರ ರಜೆ, ಅಂದು ಹರಳೆಣ್ಣೆ ಹಚ್ಚಿಕೊಂಡು ಅಭ್ಯಂಜನ. ಅಮಾವಾಸ್ಯೆ, ಹುಣ್ಣಿಮೆಗೂ ರಜೆ. ಹಾಗಾಗಿ ನಾನು ಪಂಚಾಂಗ ನೋಡುವುದನ್ನೇ ಬಿಟ್ಟಿದ್ದೇನೆ. ಆರು ಗಂಟೆಯಾದರೂ ಮೇಲೆ ಸದ್ದಿಲ್ಲದಿದ್ದರೆ ಅಮಾವಾಸ್ಯೆಯೋ ಹುಣ್ಣಿಮೆಯೋ ಇರಬೇಕು ಎಂದುಕೊಳ್ಳುತ್ತೇನೆ. ಇಷ್ಟು ನೇಮವಿರುವವರನ್ನು ಸಂಸ್ಕೃತಿ ಗೊತ್ತಿಲ್ಲದವರು ಎನ್ನಲು ನನಗೆ ಬಾಯಿ ಬಾರದು.

ಅವರಿಗೆ ಗೊತ್ತಿಲ್ಲದಿರುವುದು ಕನ್ನಡ. ಸೂರ್ಯನಮಸ್ಕಾರಕ್ಕೆ ಎಣಿಸುವ ಏಕಂ, ದ್ವೇ, ತ್ರೀಣಿ ಅವರಿಗೆ ಬಾಯಿಪಾಠ. ಊರ್ಧ್ವಮುಖ ಶ್ವಾನಾಸನ ಎಂದು ನಾಲಿಗೆ ತೊಡರದೆ ಹೇಳುತ್ತಾರೆ. ಅದೇ ಬಾಯಿ ಬಾಳೆಹಣ್ಣಿನ ಗಾಡಿಯ ಮುಂದೆ ಕಟ್ಟಿಹೋಗುತ್ತದೆ, ಎರಡು ಬೆರಳು ಎತ್ತಿ ತೋರಿಸುತ್ತಾರೆ. ಐದು ವರ್ಷ ಸತತವಾಗಿ ನವೆಂಬರಿನಲ್ಲಿ ಬಂದು ಮಾರ್ಚಿನವರೆಗೆ ಇದ್ದುಹೋಗುತ್ತಿದ್ದ ಡೆನ್ಮಾರ್ಕಿನವನೊಬ್ಬ, ನಾವು ಮನೆಯಲ್ಲಿ ಆಡುವುದು ಹಿಂದಿ ಎಂದುಕೊಂಡಿದ್ದ. ನನಗೆ ಉರಿದುಹೋಯಿತು. ಒಳಗೆ ಬಂದು ಕಾಫಿ ಕುಡಿಯುತ್ತಾ ಲೆಕ್ಕ ಹಾಕಿದೆ: ಈ ಐದು ವರ್ಷಗಳಲ್ಲಿ ಅವನೊಡನೆ ಕನ್ನಡದಲ್ಲಿ ಒಂದಾದರೂ ಮಾತನಾಡಿದವರು ಯಾರು? ಅವನು ಮೆಟ್ಟಿಲಿಳಿದು ಬಂದರೆ ನಾನು ‘ಗುಡ್ ಮಾರ್ನಿಂಗ್’. ಹಾಲಿನವನು ‘ಮಿಲ್ಕ್ ಸರ್’. ಆಟೋದವರು ‘ಕಮ್ ಕಮ್’. ಬಿಳಿಯ ಮುಖ ಕಂಡ ಕೂಡಲೇ ನಮ್ಮ ಇಡೀ ಬೀದಿಗೆ ಇಂಗ್ಲಿಷ್ ಮೈಮೇಲೆ ಬರುತ್ತದೆ. ಪಾಪ, ಅವನು ಕನ್ನಡವನ್ನು ಎಲ್ಲಿಂದ ಕೇಳಿಸಿಕೊಳ್ಳಬೇಕಿತ್ತು?

ನನಗೆ ಬುದ್ಧಿ ಬಂದದ್ದು ಒಬ್ಬ ಅರ್ಜೆಂಟೀನಾದ ಹೆಂಗಸಿನಿಂದ. ಒಂಬತ್ತು ವರ್ಷಗಳ ಹಿಂದೆ ಮೊದಲ ಸಲ ಬಂದಳು, ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ನಾನು ಸೊಂಟ ಹಿಡಿದುಕೊಂಡು ಮಹಡಿಗೆ ಬಟ್ಟೆ ಒಣಹಾಕಲು ಹೋಗುವುದನ್ನು ನೋಡಿ ನೋಡಿ, ಒಂದು ಶನಿವಾರ ಜಮಖಾನ ಹಾಸಿ ಕೂರಿಸಿದಳು. ಮೈಸೂರಿನಲ್ಲೇ ಹುಟ್ಟಿ ಬೆಳೆದು ಐವತ್ತು ದಾಟಿದವಳು, ಭೂಮಿಯ ಆ ಕಡೆಯಿಂದ ಬಂದವಳ ಕೈಲಿ, ನನ್ನದೇ ತಾರಸಿಯ ಮೇಲೆ ಸೂರ್ಯನಮಸ್ಕಾರ ಕಲಿತೆ. ನಾಚಿಕೆಯಾಯಿತು. ಬೆನ್ನುನೋವು ಕಡಿಮೆಯಾದ ಮೇಲೆ ನಾಚಿಕೆಯೂ ಕಡಿಮೆಯಾಯಿತೆನ್ನಿ. ದುಡ್ಡು ಕೊಡಲು ಹೋದರೆ ಬೇಡವೆಂದಳು, ಬದಲಿಗೆ ಪದ ಕೇಳಿದಳು. ಹೀಗೆ ಅವಳ ಒಂದು ಆಸನಕ್ಕೆ ನನ್ನ ನಾಲ್ಕು ಪದ ಎಂದು ಒಪ್ಪಂದವಾಯಿತು. ಉಸಿರು, ಬೆನ್ನು, ಮಂಡಿ, ಮೆಲ್ಲಗೆ. ಆದರೆ ಮೊಟ್ಟಮೊದಲು ನಾನು ಕಲಿಸಿದ್ದು ‘ಸಾಕು’. ಮೈಸೂರಿನ ಮನೆಗಳಲ್ಲಿ ಊಟಕ್ಕೆ ಕೂತವರಿಗೆ ಆ ಪದ ಬಾರದಿದ್ದರೆ ಪ್ರಾಣಕ್ಕೇ ಅಪಾಯ.

ಅವಳ ಬಳಿ, ಮೈಸೂರಿನಲ್ಲೇ ಯೋಗ ಕಲಿಸುತ್ತಿದ್ದ ಪಟ್ಟಾಭಿ ಜೋಯಿಸರ ‘ಯೋಗ ಮಾಲಾ’ ಇತ್ತು, ಇಂಗ್ಲಿಷಿನದು, ಅಂಚೆಲ್ಲ ಸವೆದು ಬೆರಳ ಗುರುತು ಬಿದ್ದಿತ್ತು. ಅದನ್ನು ಅವರು ಕನ್ನಡದಲ್ಲಿ ಬರೆದು 1962ರಲ್ಲಿ ಪ್ರಕಟಿಸಿದ್ದು ಎಂದು ನಾನು ಹೇಳಿದಾಗ ಪುಸ್ತಕ ತಿರುಗಿಸಿ ನೋಡಿದಳು. ಅವರ ಗುರು ಕೃಷ್ಣಮಾಚಾರ್ಯರ ‘ಯೋಗ ಮಕರಂದ’ವೂ 1934ರಲ್ಲಿ ಬಂದದ್ದು ಕನ್ನಡದಲ್ಲಿ, 1941ರ ‘ಯೋಗಾಸನಗಳು’ ಕೂಡ ಕನ್ನಡ. ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯ ಮುಚುಕುಂಟೆಯಲ್ಲಿ ಹುಟ್ಟಿದವರು. ಜೋಯಿಸರು ಹಾಸನದ ಹತ್ತಿರದ ಕೌಶಿಕದವರು, ಪುಣೆಗೆ ಹೋಗಿ ನೆಲೆ ನಿಂತ ಬಿ.ಕೆ.ಎಸ್. ಅಯ್ಯಂಗಾರ್ಯರು ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಇವತ್ತು ಜಗತ್ತೆಲ್ಲ ಚಾಪೆ ಹಾಸಿಕೊಂಡು ಮಾಡುವ ಯೋಗದ ದೊಡ್ಡ ಪಾಲು ಈ ಮೂವರ ಕೈಯಿಂದ ಹೋದದ್ದು, ಅದೂ ಜಗನ್ಮೋಹನ ಅರಮನೆಯಲ್ಲಿ ನಾಲ್ವಡಿಯವರ ಆಶ್ರಯದಲ್ಲಿ 1933ರಿಂದ ನಡೆದ ಒಂದು ಯೋಗಶಾಲೆಯ ಕಡೆಯಿಂದ. ನಮ್ಮ ಮಾವನವರು ಚಿಕ್ಕ ಹುಡುಗರಾಗಿದ್ದಾಗ ಆಚಾರ್ಯರ ಶಿಷ್ಯರ ಪ್ರದರ್ಶನ ನೋಡಿದ್ದರಂತೆ. ಹುಡುಗರ ಮೈ ರಬ್ಬರಿನಂತೆ ಬಗ್ಗುತ್ತಿತ್ತು, ಆಚಾರ್ಯರು ಕಣ್ಣು ಬಿಟ್ಟರೆ ನೋಡಲು ಕೂತವರ ಬೆನ್ನೂ ನೆಟ್ಟಗಾಗುತ್ತಿತ್ತು ಎಂದು ಹೇಳಿ ನಗುತ್ತಿದ್ದರು. ಆ ಶಾಲೆ 1950ರಲ್ಲಿ ಮುಚ್ಚಿತು. ಎರಡು ವರ್ಷದ ಮೇಲೆ ಆಚಾರ್ಯರು ಮದ್ರಾಸಿಗೆ ಹೋದರು. ಇವತ್ತು ಜಗನ್ಮೋಹನ ಅರಮನೆಗೆ ಹೋಗುವವರು ರವಿವರ್ಮನ ಚಿತ್ರ ನೋಡಲು ಹೋಗುತ್ತಾರೆ. ನನ್ನ ಮಕ್ಕಳೂ ಶಾಲೆಯ ಪ್ರವಾಸದಲ್ಲಿ ಹೋಗಿದ್ದಾರೆ. ಯೋಗಶಾಲೆಯ ಮಾತು ಮನೆಗೆ ಹೊತ್ತು ತಂದವರು ಯಾರೂ ಇಲ್ಲ.

ಇದಕ್ಕೆ ಆ ಅರ್ಜೆಂಟೀನಾದವಳು ಕೊಟ್ಟ ಉತ್ತರವೂ ಚೆನ್ನಾಗಿತ್ತು. 1930ರ ದಶಕದ ಕೊನೆಗೆ ಕೃಷ್ಣಮಾಚಾರ್ಯರಲ್ಲಿ ಕಲಿಯಲು ಹಟ ಹಿಡಿದು ಮೈಸೂರಿಗೆ ಬಂದ ವಿದೇಶಿ ಹೆಂಗಸು ಇಂದ್ರಾದೇವಿ ಕೊನೆಗಾಲ ಕಳೆದದ್ದು ನಮ್ಮ ಊರು ಬ್ಯೂನಸ್ ಐರಿಸ್‌ನಲ್ಲಿ, 2002ರಲ್ಲಿ ತೀರಿಕೊಂಡದ್ದೂ ಅಲ್ಲೇ ಎಂದಳು. ನಿಮ್ಮ ಊರಿನಿಂದ ನಮ್ಮ ಊರಿಗೆ ಹಳೆಯ ದಾರಿಯಿದೆ ಅಮ್ಮ ಎಂದಳು. ‘ಅಮ್ಮ’ ನಾನು ಕಲಿಸಿದ್ದಲ್ಲ, ಅವಳೇ ಕೇಳಿ ಕಲಿತದ್ದು.

ಕಳೆದ ವರ್ಷದ ಜನವರಿಯಲ್ಲಿ ಮತ್ತೆ ಬಂದವಳು, ಮೂರು ವಾರ ತಮಿಳುನಾಡು, ಕೇರಳ ಸುತ್ತುತ್ತೇನೆ, ನೀವೂ ಬನ್ನಿ ಎಂದಳು. ‘ಹೋಗಿ ಬಾ, ಮೊಸರಿಗೆ ಹೆಪ್ಪು ಹಾಕಲು ನನಗೂ ಬರುತ್ತದೆ’ ಎಂದರು ಯಜಮಾನರು. ಕಾವೇರಿ ಎಕ್ಸ್‌ಪ್ರೆಸ್ ಹತ್ತಿದೆವು. ಚೆನ್ನೈಯಲ್ಲಿ ಕೃಷ್ಣಮಾಚಾರ್ಯರ ಮಗ ದೇಶಿಕಾಚಾರ್ 1976ರಲ್ಲಿ ಸ್ಥಾಪಿಸಿದ ಯೋಗ ಮಂದಿರಕ್ಕೆ ಹೋದೆವು. ಅಲ್ಲಿನದು ಗುಂಪಿನ ಕವಾಯತಲ್ಲ, ಒಬ್ಬರಿಗೆ ಒಬ್ಬರು ಕೂತು ಹೇಳಿಕೊಡುವ ರೀತಿ. ನನ್ನ ಮಂಡಿ ನೋಡಿದವರು ಬಗ್ಗುವ ಆಸೆ ಬಿಡಿ, ಕೈ ಎತ್ತುತ್ತಾ ಉಸಿರು ಎಳೆದುಕೊಳ್ಳಿ, ಅಷ್ಟೇ ಎಂದರು. ಮೈಸೂರಿನಲ್ಲಿ ಹುಡುಗರನ್ನು ಹಾರಿಸಿ ಕುಣಿಸಿದ ಅದೇ ಆಚಾರ್ಯರ ಮನೆತನ ಇಲ್ಲಿ ಮುದುಕಿಯ ಮಂಡಿಗೆ ತಕ್ಕ ಯೋಗ ಕೊಡುತ್ತಿದೆಯಲ್ಲ ಎಂದು ಸೋಜಿಗವಾಯಿತು.

ಅಲ್ಲಿಂದ ತಿರುವಣ್ಣಾಮಲೈ. ಹುಣ್ಣಿಮೆಯ ರಾತ್ರಿ ಬರಿಗಾಲಲ್ಲಿ ಅರುಣಾಚಲದ ಸುತ್ತ 14 ಕಿಲೋಮೀಟರ್ ಗಿರಿಪ್ರದಕ್ಷಿಣೆ. ಹತ್ತನೆಯ ಕಿಲೋಮೀಟರಿನಲ್ಲಿ ನಾನು ಯಾವ ಸುಖಕ್ಕೆ ಬಂದೆ ಎಂದು ಅಳು ಬರುವಂತಾಗಿತ್ತು. ಆದರೆ ನಾನು ಬರೆಯಬೇಕೆಂದಿದ್ದು ಮರುದಿನದ ಸಂಗತಿ. ರಮಣಾಶ್ರಮದ ಎದುರಿನ ರಸ್ತೆಯಲ್ಲಿ ಎಪ್ಪತ್ತು ದಾಟಿದ ಬಿಳಿಯ ಅಜ್ಜಿಯೊಬ್ಬಳು ಹೂವಿನವಳ ಜೊತೆ ಜಗಳಕ್ಕೆ ನಿಂತಿದ್ದಳು. ತಮಿಳಿನಲ್ಲಿ! ನಿನ್ನೆ ಕೊಟ್ಟ ಹೂವು ಬಾಡಿತ್ತು ಎಂಬುದು ಅವಳ ತಕರಾರು. ಹೂವಿನವಳೂ ಬಿಡಲಿಲ್ಲ, ಅಜ್ಜಿಯೂ ಬಿಡಲಿಲ್ಲ, ಕೊನೆಗೆ ಅರ್ಧ ಮೊಳ ಹೆಚ್ಚು ಅಳೆದು ಕೊಟ್ಟಳು. ಇಬ್ಬರೂ ನಗುತ್ತಾ ಬೇರಾದರು. ನನಗೆ ಹೊಟ್ಟೆ ಉರಿಯಿತು ಎಂದು ಮುಚ್ಚುಮರೆಯಿಲ್ಲದೆ ಬರೆಯುತ್ತೇನೆ. ಹದಿನಾರು ವರ್ಷಗಳಲ್ಲಿ ನನ್ನ ಬಾಡಿಗೆದಾರರಲ್ಲಿ ಒಬ್ಬರಾದರೂ ನನ್ನ ಜೊತೆ ಕನ್ನಡದಲ್ಲಿ ಜಗಳವಾಡಿಲ್ಲ.

ಕೇರಳದ ನೆಯ್ಯಾರ್ ಅಣೆಕಟ್ಟಿನ ಬಳಿಯ ಆಶ್ರಮದಲ್ಲಿ ಆರು ದಿನ ಇದ್ದೆವು. ಬೆಳಿಗ್ಗೆ ಆರಕ್ಕೆ ಸತ್ಸಂಗ, ದಿನಕ್ಕೆರಡು ಸಲ ಆಸನದ ತರಗತಿ, ಊಟವೂ ಎರಡೇ, ಹತ್ತಕ್ಕೊಂದು, ಸಂಜೆ ಆರಕ್ಕೊಂದು. ಕಾಫಿ ಇಲ್ಲ. ಮೂರನೆಯ ದಿನದ ತಲೆನೋವನ್ನು ನೆನೆಸಿಕೊಂಡರೆ ಈಗಲೂ ಬೇಡವೆನಿಸುತ್ತದೆ. ಎಲ್ಲರೂ ಒಂದು ಹೊತ್ತು ಸೇವೆ ಮಾಡಬೇಕು, ನಮಗೆ ಅಡುಗೆಮನೆ ಬಂತು. ಜರ್ಮನಿಯವರು, ಇಸ್ರೇಲಿನವರು ಕುಂಬಳಕಾಯಿ ಹೆಚ್ಚುತ್ತಿದ್ದರೆ ಅಲ್ಲಿನ ಹೆಂಗಸರು ಒಂದೊಂದು ತರಕಾರಿಯನ್ನೂ ಎತ್ತಿ ಹಿಡಿದು ಮತ್ತಂಗ, ವೆಳ್ಳರಿಕ್ಕ ಎನ್ನುವರು, ಇವರು ತಿರುಗಿ ಹೇಳುವರು. ಇದಕ್ಕೆ ಪಾಠವೆಂಬ ಹೆಸರಿರಲಿಲ್ಲ, ಹಲಗೆ ಬಳಪವಿರಲಿಲ್ಲ. ನಾನೂ ಹತ್ತು ಪದ ಕಲಿತು ಬಂದೆ. ರಾಶಿ ತರಕಾರಿಯ ನಡುವೆ ಕೂತು ಅದನ್ನು ಕೇಳುತ್ತಿದ್ದಾಗ, ಇಷ್ಟು ನಮ್ಮ ಕೈಯಲ್ಲಿ ಆಗದೆ ಎನಿಸಿತು.

ಆ ಅನಿಸಿಕೆಯನ್ನೇ ಈಗ ನಿಮ್ಮ ಓದುಗರ ಮುಂದೆ ಇಡುತ್ತಿದ್ದೇನೆ. ಮೈಸೂರಿನಲ್ಲಿ ಯೋಗ ಕಲಿಸುವ ಕಡೆಯೆಲ್ಲ ಹೆಸರು ಬರೆಸಿಕೊಳ್ಳುವಾಗ ಸಮಯ, ಶುಲ್ಕ, ನಿಯಮಗಳಿರುವ ಒಂದು ಹಾಳೆ ಕೊಡುತ್ತಾರೆ. ಅದರ ಹಿಂಬದಿಯಲ್ಲಿ ಮೂವತ್ತು ಕನ್ನಡ ಪದ ಅಚ್ಚು ಹಾಕಿಸಲು ಎಷ್ಟು ಮಸಿ ಬೇಕು? ಶನಿವಾರ ಹೇಗೂ ಅವರಿಗೆ ರಜೆ. ನಮ್ಮ ಬಡಾವಣೆಯಲ್ಲಿ ನಿವೃತ್ತ ಕನ್ನಡ ಮೇಷ್ಟರುಗಳಿಗೆ ಬರವಿಲ್ಲ, ಪಾರ್ಕಿನ ಕಲ್ಲುಬೆಂಚುಗಳಿಗೂ ಬರವಿಲ್ಲ. ಎಣ್ಣೆನೀರು ಹಾಕಿಕೊಂಡು ಬಂದವರಿಗೆ ಒಂದು ಗಂಟೆ ‘ಎಷ್ಟು’, ‘ಬೇಕು’, ‘ಬೇಡ’, ‘ಬರುತ್ತೇನೆ’ ಹೇಳಿಕೊಟ್ಟರೆ ಸಾಕು. ನಮ್ಮಲ್ಲಿ ಹೊರಡುವಾಗ ‘ಹೋಗುತ್ತೇನೆ’ ಎನ್ನದೆ ‘ಬರುತ್ತೇನೆ’ ಎನ್ನುವುದೇಕೆಂದು ವಿವರಿಸಲು ಒಂದು ಶನಿವಾರ ಪೂರ್ತಿ ಬೇಕಾದೀತು, ಇರಲಿ. ಜಗನ್ಮೋಹನ ಅರಮನೆಯ ಬಳಿ ಯೋಗಶಾಲೆಯ ಚರಿತ್ರೆ ಹೇಳುವ ಒಂದು ಕಲ್ಲುಫಲಕ ನೆಡುವುದಾದರೆ, ಮೊದಲ ಸಾಲು ಕನ್ನಡದಲ್ಲಿರಲಿ. ಇದಕ್ಕೆಲ್ಲ ದೊಡ್ಡ ಸಭೆ, ಫ್ಲೆಕ್ಸು ಬೇಡ. 2017ರ ಯೋಗ ದಿನದಂದು ಮೈಸೂರಿನಲ್ಲಿ 55,506 ಜನ ಒಟ್ಟಿಗೆ ಕೂತು ಗಿನ್ನೆಸ್ ದಾಖಲೆ ಮಾಡಿದರಲ್ಲ, ಆ ಸಂಖ್ಯೆಯ ಕಡೆಯ ಆರರಲ್ಲಿ ನಾನೂ ಒಬ್ಬಳು ಎಂದು ಮನೆಯಲ್ಲಿ ಹೇಳಿಕೊಳ್ಳುತ್ತಿದ್ದೆ. ಮರುವರ್ಷವೇ ರಾಜಸ್ಥಾನದ ಕೋಟಾದವರು ಅದನ್ನು ಮುರಿದರು.

ಇನ್ನು ನಮ್ಮಂಥ ಮನೆಯವರ ಮಾತು. ನಾನೇನೂ ಸಾಚಾ ಅಲ್ಲ. ವಿದೇಶಿಯರಿಗೆ ತಿಂಗಳಿಗೆ ಮೂವತ್ತು ಸಾವಿರ ಹೇಳುವ ಮಹಡಿಯನ್ನು ನಮ್ಮವರು ಕೇಳಿದರೆ ಹದಿನೆಂಟಕ್ಕೆ ಇಳಿಸುತ್ತೇನೆ. ಫ್ರಿಜ್ ಇದೆ, ವೈಫೈ ಇದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಳ್ಳುತ್ತೇನೆ. ಹದಿನೆಂಟು ಕೊಡುವವರಿಗೂ ಅದೇ ಫ್ರಿಜ್, ಅದೇ ವೈಫೈ. ವಿದೇಶಿಯರ ಮುಂದೆ ನಾವು ಇಂಗ್ಲಿಷಿಗೆ ಹೊರಳುವುದು ಬರೀ ಸಂಕೋಚದಿಂದಲ್ಲ, ಅದರಲ್ಲಿ ವ್ಯಾಪಾರವೂ ಸೇರಿದೆ. ಕನ್ನಡ ಬಂದವರಿಗೆ ನಿಜವಾದ ದರ ತಿಳಿದುಬಿಡುತ್ತದೆ.

ಈಗ ನಮ್ಮ ಮಹಡಿಯಲ್ಲಿ ಕೊರಿಯಾದ ಹುಡುಗಿಯೊಬ್ಬಳಿದ್ದಾಳೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂವತ್ತು ಪದ ದಪ್ಪಗೆ ಬರೆದು ಮೆಟ್ಟಿಲ ಬಳಿ ನೇತುಹಾಕಿದ್ದೇನೆ, ಇಳಿಯುವಾಗ ಒಂದು, ಹತ್ತುವಾಗ ಒಂದು ಓದುತ್ತಾಳೆ. ಮೊನ್ನೆ ಶುಕ್ರವಾರ ಇಬ್ಬರೂ ದೇವರಾಜ ಮಾರುಕಟ್ಟೆಗೆ ಹೋಗಿದ್ದೆವು. ನಾನು ಸುಮ್ಮನೆ ಹಿಂದೆ ನಿಂತೆ. ಅವಳು ಮಲ್ಲಿಗೆಯ ಬುಟ್ಟಿಯ ಮುಂದೆ ಬಗ್ಗಿ, ಒಂದೊಂದೇ ಅಕ್ಷರ ಜೋಡಿಸಿ, ‘ಒಂದು ಮೊಳ ಎಷ್ಟು?’ ಎಂದಳು.

ಹೂವಿನವಳು ತಲೆ ಎತ್ತಿ ನೋಡಿ ‘ಫಿಫ್ಟಿ ರುಪೀಸ್’ ಎಂದಳು.

ನಾನು ಮುಂದೆ ಬಂದೆ. ‘ಏನಮ್ಮಾ, ಅವಳು ಕೇಳಿದ್ದು ಕನ್ನಡದಲ್ಲಿ’ ಎಂದೆ.

‘ಹೌದಾ? ಹಾಗಾದರೆ ಮೂವತ್ತು ಕೊಡಲಿ’ ಎಂದು ಮೊಳ ಹಾಕತೊಡಗಿದಳು.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ಗೃಹಿಣಿ, ಗೋಕುಲಂ, ಮೈಸೂರು

(ಬಾಡಿಗೆಯ ಎರಡೂ ದರ ಬರೆದಿರುವುದರಿಂದ ದಯವಿಟ್ಟು ನನ್ನ ಹೆಸರು ಪ್ರಕಟಿಸಬೇಡಿ.)