ಕೈಯಲ್ಲಿ ಕರೆಂಟು ನೋಡಬೇಡ ಮಾರಾಯ

ತೀರ್ಥಹಳ್ಳಿ

ಚಿರಂಜೀವಿ ಪುಟ್ಟನಿಗೆ ನಿನ್ನ ಮಾವ ಮಾಡುವ ಆಶೀರ್ವಾದಗಳು.

ಮನೆಯ ಸುದ್ದಿಯೆಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ, ನಾನು ಮತ್ತೆ ಬರೆಯುವುದಿಲ್ಲ. ನಿನ್ನ ಕಾಗದದಲ್ಲಿ ಮೆಸ್ಸಿನ ಊಟಕ್ಕೂ ರೂಮಿನ ಬಾಡಿಗೆಗೂ ನಡುವೆ ಒಂದು ಸಾಲು ಬರೆದಿದ್ದೀಯಲ್ಲ, ಅದಕ್ಕಾಗಿ ಈ ಕಾಗದ. "ಮೊದಮೊದಲು ಪ್ಲಗ್ ವೈರ್ ಹಿಡಿದು ಕರೆಂಟ್ ನೋಡುವಾಗ ಹೆದರಿಕೆ ಆಗ್ತಿತ್ತು, ಈಗ ಹೊಡೆದರೂ ಏನೂ ಅನ್ನಿಸಲ್ಲ ಮಾವ" ಅಂತ. ಕೇಳಿ ಮಾವನಿಗೆ ಸಂತೋಷವಾಗಲಿ ಅಂತಲೇ ಬರೆದಿದ್ದೀಯ, ಅದು ನನಗೆ ಗೊತ್ತು. ಆದರೆ ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಿಮ್ಮ ಗ್ಯಾರೇಜಿನ ಮೇಸ್ತ್ರಿ ಕಲಿಸಿದ್ದು ಹೊಸದೇನಲ್ಲ. ನಮ್ಮ ಕಾಲದಲ್ಲೂ ಅದೇ. ಗಾಡಿ ಸ್ಟಾರ್ಟ್ ಆಗದಿದ್ದರೆ ಎಂಜಿನ್ನಿಗೆ ಕಿಡಿ ಕೊಡುವ ಪ್ಲಗ್ ಬಿಚ್ಚು, ವೈರಿನ ಕ್ಯಾಪಿಗೆ ಸಿಕ್ಕಿಸು, ಎಂಜಿನ್ನಿನ ಹೆಡ್ಡಿಗೆ ತಾಗಿಸಿ ಹಿಡಿ, ಇನ್ನೊಬ್ಬ ಕಿಕ್ ಹೊಡೆಯಲಿ. ನೀಲಿ ಕಿಡಿ ಕಂಡರೆ ಪೆಟ್ರೋಲ್ ಕೊಡುವ ಕಾರ್ಬುರೇಟರ್ ನೋಡು, ಕಾಣದಿದ್ದರೆ ಕರೆಂಟು ಕಡಿದು ಕೂಡಿಸುವ ಪಾಯಿಂಟ್ ನೋಡು. ಕೆಲವರಿಗಂತೂ ಪ್ಲಗ್ಗೂ ಬೇಡ. ವೈರಿನ ತುದಿಯನ್ನು ಬೆರಳಲ್ಲೇ ಹಿಡಿದು, ಹೊಡೆತದ ಜೋರು ನೋಡಿ ವೋಲ್ಟ್ ಏರಿಸುವ ಕಾಯ್ಲ್ ಹೇಗಿದೆ ಅಂತ ಹೇಳುತ್ತಿದ್ದರು. ನಾವು ಹುಡುಗರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಆ ಧೈರ್ಯವೇ ದೊಡ್ಡ ವಿದ್ಯೆ ಅನ್ನಿಸುತ್ತಿತ್ತು.

ಬ್ಯಾಟರಿ 12 ವೋಲ್ಟೇ ತಾನೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ಪಾಯಿಂಟ್ ಬಿಡುವ ಕ್ಷಣಕ್ಕೆ ಕಾಯ್ಲಿನ ದಪ್ಪ ತಂತಿಯ ಸುತ್ತಿನಲ್ಲೇ 200-300 ವೋಲ್ಟ್ ಏಳುತ್ತದೆ. ಸಣ್ಣ ತಂತಿಯ ಸುತ್ತುಗಳು ಅದಕ್ಕಿಂತ ಸುಮಾರು ನೂರು ಪಟ್ಟು ಹೆಚ್ಚು, ಹಾಗಾಗಿ ಪ್ಲಗ್ ಕಡೆಗೆ ಹೋಗುವಾಗ ಅದು 20-30 ಸಾವಿರ ಆಗಿರುತ್ತದೆ. ಪ್ಲಗ್ ವೈರ್ ಬಿಡು, ಕಾಯ್ಲಿನ ಚಿಕ್ಕ ಟರ್ಮಿನಲ್ ಕೂಡ ಎಂಜಿನ್ ಓಡುವಾಗ ಕಚ್ಚುವುದು ಇದಕ್ಕೇ. ಪಾಯಿಂಟಿನ ಬದಲು ಸಿಡಿಐ ಅನ್ನುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುವ ಬೈಕುಗಳಲ್ಲಿ ಆ 200-300 ವೋಲ್ಟನ್ನು ಪೆಟ್ಟಿಗೆಯೊಳಗೆ ತುಂಬಿಟ್ಟುಕೊಂಡೇ ಕೆಲಸ ನಡೆಯುವುದು. ನಿಮ್ಮಲ್ಲಿಗೆ ಬರುವ ಹೊಸ ಕಾರುಗಳಲ್ಲಿ ಒಂದೊಂದು ಪ್ಲಗ್ಗಿನ ತಲೆಯ ಮೇಲೂ ಒಂದೊಂದು ಕಾಯ್ಲ್ ಕೂತಿರುತ್ತದಲ್ಲ, ಅದು 30-40 ಸಾವಿರದ ತನಕ ಎತ್ತಬಲ್ಲದು. ಹಳೆಯ ಎಜ್ಡಿ ಬೈಕಿನ 6 ವೋಲ್ಟ್ ಕಾಲದ ಕೈಚಳಕವನ್ನು ಇದರ ಮೇಲೆ ತೋರಿಸುವುದು ಸರಿಯಲ್ಲ ಮಾರಾಯ.

ಅದು ಪ್ರಾಣ ತೆಗೆಯುತ್ತದೋ ಇಲ್ಲವೋ ಅನ್ನುವುದು ಆಮೇಲಿನ ಮಾತು. ಹೊಡೆದ ಕ್ಷಣಕ್ಕೆ ಕೈ ನಿನ್ನ ಮಾತು ಕೇಳುವುದಿಲ್ಲ. ಹಿಂದಕ್ಕೆ ಎಳೆದುಕೊಂಡ ಮೊಣಕೈ ತಿರುಗುವ ಫ್ಯಾನಿಗೆ ಹೋಗಬಹುದು, ಬೆಲ್ಟಿಗೆ ಹೋಗಬಹುದು. "ಏನೂ ಅನ್ನಿಸಲ್ಲ" ಅನ್ನುವವನು ಕೈಯನ್ನು ಎಲ್ಲಿ ಇಟ್ಟಿದ್ದೇನೆ ಅಂತ ನೋಡಿಕೊಳ್ಳುವುದನ್ನೇ ಬಿಟ್ಟಿರುತ್ತಾನೆ. ನನ್ನ ಹೆದರಿಕೆ ಅದು.

"ಏನೂ ಅನ್ನಿಸಲ್ಲ" ಅನ್ನುವ ಮಾತನ್ನು ನಾನು ಮೊದಲು ಕೇಳಿದ್ದು ನಿನ್ನ ಬಾಯಿಂದಲ್ಲ. ಶಿವಮೊಗ್ಗದಲ್ಲಿ ನಾನು ಕೆಲಸಕ್ಕಿದ್ದ ಗ್ಯಾರೇಜಿನಲ್ಲಿ ನನ್ನ ವಾರಿಗೆಯವನೊಬ್ಬನಿದ್ದ. ಕೈ ಚುರುಕು ಅಂದರೆ ಚುರುಕು. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದೆ ಕಣ್ಣಳತೆಯಲ್ಲೇ ಪಾಯಿಂಟಿನ ಸಂದನ್ನು 0.4 ಮಿಲಿಮೀಟರಿಗೆ ಕೂರಿಸುತ್ತಿದ್ದ. ಆಮೇಲೆ ಗೇಜ್ ಹಾಕಿ ನೋಡಿದರೆ ಸರಿಯಾಗಿಯೇ ಇರುತ್ತಿತ್ತು. ಅವನೂ ನಾನೂ ಸೇರಿ ಬಸ್ ಸ್ಟ್ಯಾಂಡಿನ ಹತ್ತಿರ ನಮ್ಮದೇ ಒಂದು ಶೆಡ್ ಹಾಕಬೇಕು ಅಂತ ಜಾಗ ಕೂಡ ನೋಡಿಟ್ಟಿದ್ದೆವು. ಒಂದು ದಿನ ಮೋಟರ್‌ಸೈಕಲ್ ಒಂದು ಎಷ್ಟು ಹೊಡೆದರೂ ಸ್ಟಾರ್ಟ್ ಆಗದೆ ಪೆಟ್ರೋಲ್ ಓವರ್ ಆಗಿ ಕೂತಿತ್ತು. ಇವನು ಪ್ಲಗ್ ಬಿಚ್ಚಿ, ಒದ್ದೆಯಾಗಿದ್ದನ್ನು ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕೈಯಲ್ಲೇ ಇಟ್ಟುಕೊಂಡು ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಹಿಡಿದ. ಗಾಡಿಯವನು ಕಿಕ್ ಹೊಡೆದ. ಸಿಲಿಂಡರಿನ ಬೋರಿನೊಳಗೆ ತುಂಬಿದ್ದ ಪೆಟ್ರೋಲ್ ಹೊಗೆಯೆಲ್ಲ ಪ್ಲಗ್ ತೂತಿನಿಂದ ಭುಸ್ಸೆಂದು ಹೊರಗೆ ಬಂತು, ಕಿಡಿ ಅಲ್ಲೇ ಎದುರಿಗಿತ್ತು. ನೀಲಿ ಬೆಂಕಿ ಬಟ್ಟೆಗೆ ಹತ್ತಿ, ಬಟ್ಟೆಯಿಂದ ಕೈಗೆ ಹತ್ತಿತು. ಗೋಣಿಚೀಲ ಹಾಕಿ ಆರಿಸಿದೆವು. ಕೈ ಉಳಿಯಿತು. ಆದರೆ ಸ್ಪ್ಯಾನರ್ ಹಿಡಿಯುವಷ್ಟು ಬೆರಳು ಮಡಚಲು ಮತ್ತೆ ಬರಲಿಲ್ಲ.

ಅವನು ಊರಿಗೆ ಹೋದ. ಆ ಊರು ಇಲ್ಲಿಂದ ದೂರವೇನಲ್ಲ. ಹೋಗಿ ನೋಡಿಕೊಂಡು ಬರಬೇಕು ಅಂದುಕೊಳ್ಳುತ್ತಲೇ ವಯಸ್ಸಾಯಿತು. ಶೆಡ್ ಹಾಕಿದೆ, ಗಾಡಿಗಳು ಬಂದವು, ಮದುವೆ, ಮಕ್ಕಳು. ಎಜ್ಡಿ ಮಾಡುತ್ತಿದ್ದ ಮೈಸೂರಿನ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆಮೇಲೂ ಎಷ್ಟೋ ವರ್ಷ ಆ ಗಾಡಿಗಳು ನನ್ನ ಹತ್ತಿರ ಬರುತ್ತಿದ್ದವು. ಪ್ರತಿ ಸಲ ಪಾಯಿಂಟ್ ಬಿಚ್ಚಿ ಉಜ್ಜುವಾಗ ಅವನ ನೆನಪಾಗುತ್ತಿತ್ತು. ಆದರೂ ಹೋಗಲಿಲ್ಲ. ಏನಂತ ಮಾತಾಡಿಸುವುದು ಅನ್ನುವ ಸಂಕೋಚ. ಆಮೇಲೆ ಅವನು ತೀರಿಹೋದ ಸುದ್ದಿಯೇ ಬಂತು. ಇರಲಿ, ನಿನಗೆ ಬರೆಯಬೇಕೆಂದಿದ್ದದ್ದು ಇದಲ್ಲ.

ಇನ್ನೊಂದು ಮಾತು. ನಿನ್ನ ಕೆಲಸಕ್ಕೆ ಇದು ಉಪಯೋಗವಾದೀತು. ಕೈಯಲ್ಲಿ ಹಿಡಿದು ನೋಡಿದ ಕಿಡಿ ಸುಳ್ಳು ಹೇಳುತ್ತದೆ. ಬರಿಯ ಗಾಳಿಯಲ್ಲಿ 1 ಮಿಲಿಮೀಟರ್ ಹಾರಲು ಕಿಡಿಗೆ ಸುಮಾರು 3 ಸಾವಿರ ವೋಲ್ಟ್ ಸಾಕು. ಬೋರಿನೊಳಗೆ ಪಿಸ್ಟನ್ ಮೇಲೆ ಬಂದು ಗಾಳಿಯನ್ನು ಒತ್ತಿರುವಾಗ ಅದೇ ಗ್ಯಾಪಿಗೆ ಅದರ ಎಷ್ಟೋ ಪಟ್ಟು ಬೇಕು. ಸೋತ ಕಾಯ್ಲ್ ಹೊರಗೆ ಹುಲಿ, ಒಳಗೆ ಇಲಿ. ನೀನು ಹೊರಗೆ ಕಿಡಿ ನೋಡಿ "ಕರೆಂಟ್ ಚೆನ್ನಾಗಿದೆ" ಅಂತ ಕಾರ್ಬುರೇಟರ್ ಬಿಚ್ಚುತ್ತೀಯ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೊಳೆಯುತ್ತೀಯ. ಗಾಡಿ ಏರಿನಲ್ಲಿ ಕಿಡಿ ತಪ್ಪಿ ಮತ್ತೆ ಮಿಸ್ಸಿಂಗ್ ಹೊಡೆಯುತ್ತದೆ. ಗಿರಾಕಿ ಮತ್ತೆ ಬಂದು ನಿಲ್ಲುತ್ತಾನೆ. ಅಷ್ಟಕ್ಕಾಗಿ ಕೈಯನ್ನು ಯಾಕೆ ಒತ್ತೆ ಇಡಬೇಕು ಹೇಳು.

ಅದಕ್ಕೇ ಗ್ಯಾಪ್ ದೊಡ್ಡದಿರುವ ಸ್ಪಾರ್ಕ್ ಟೆಸ್ಟರ್ ಸಿಗುವುದು. 6-7 ಮಿಲಿಮೀಟರ್ ಹಾರಿದರೆ ಆ ಕಾಯ್ಲನ್ನು ನಂಬಬಹುದು. ಅದರ ಕ್ಲಿಪ್ಪನ್ನು ಎಂಜಿನ್ನಿಗೆ, ಬಣ್ಣ ಇಲ್ಲದ ಕಡೆ, ಗಟ್ಟಿಯಾಗಿ ಕಚ್ಚಿಸು. ಪ್ಲಗ್ ತೂತಿನಿಂದ ದೂರ ಇರಲಿ, ತೂತಿಗೆ ಹಳೆಯ ಪ್ಲಗ್ ಒಂದನ್ನು ತಿರುಗಿಸಿಡು. ಕೈ ತೆಗೆದು ದೂರ ನಿಂತು ಸೆಲ್ಫ್ ಹೊಡೆಸು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ಹರಿಯುತ್ತದೆ, ತೊಳೆಯುವ ಟ್ರೇ ಹತ್ತಿರದಲ್ಲಿದ್ದರೆ ಮೊದಲು ಅದನ್ನು ಆಚೆ ಸಾಗಿಸು. ನಿನಗೆ ಗೊತ್ತಿಲ್ಲದ್ದೇನಲ್ಲ. ಬರೆಯದಿದ್ದರೆ ನನಗೆ ಸಮಾಧಾನವಿಲ್ಲ, ಅದಕ್ಕೆ ಬರೆದೆ.

ವೈರನ್ನು ಗಾಳಿಯಲ್ಲಿ ಸುಮ್ಮನೆ ಬಿಟ್ಟು ಎಂಜಿನ್ ತಿರುಗಿಸುವುದೂ ಬೇಡ. ಹೋಗಲು ದಾರಿ ಸಿಗದ ಕರೆಂಟು ಕಾಯ್ಲಿನ ಒಳಗಿನ ಇನ್ಸುಲೇಷನ್ನನ್ನೇ ಸೀಳುತ್ತದೆ, ಕೆಲವು ಸಲ ಎಂಜಿನ್ನಿನ ಕಂಪ್ಯೂಟರ್ ಇಸಿಯು ತನಕ ಹೋಗುತ್ತದೆ. ಯಾವ ಸಿಲಿಂಡರ್ ಸತ್ತಿದೆ ಅಂತ ನೋಡಲು ಹೊಸ ಗಾಡಿಯಲ್ಲಿ ಒಂದೊಂದೇ ವೈರ್ ಕಿತ್ತು ನೋಡುವುದನ್ನೂ ಬಿಡು. ಸುಡದ ಪೆಟ್ರೋಲ್ ಸೈಲೆನ್ಸರಿನಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ, ಅಲ್ಲಿ ಉರಿದು ಅದನ್ನು ಕೆಡಿಸುತ್ತದೆ. ಇಂಜೆಕ್ಟರ್ ಕನೆಕ್ಟರ್ ತೆಗೆದರೆ ಅದೇ ವಿಷಯ ಗೊತ್ತಾಗುತ್ತದೆ, ಯಾರಿಗೂ ತೊಂದರೆಯಿಲ್ಲ. ಮೀಟರ್ ಇದೆಯಲ್ಲ ನಿನ್ನ ಹತ್ತಿರ? ಇಗ್ನಿಷನ್ ಆಫ್ ಮಾಡಿ, ವೈರ್ ಬಿಚ್ಚಿ, ಕಾಯ್ಲಿನ ತಡೆ ಎಷ್ಟು ಓಮ್ ಅಂತ ನೋಡು. ಹಳೆಯ ಮಾದರಿ ಕಾಯ್ಲಿನಲ್ಲಿ ದಪ್ಪ ಸುತ್ತು ಒಂದೆರಡು ಮೂರು ಓಮ್, ಸಣ್ಣ ಸುತ್ತು 5ರಿಂದ 15 ಸಾವಿರದ ಆಸುಪಾಸು. ಗಾಡಿಯಿಂದ ಗಾಡಿಗೆ ಬೇರೆ, ಪುಸ್ತಕದಲ್ಲಿದ್ದದ್ದೇ ಸರಿ. ಬೈಕಾದರೆ ಇಷ್ಟೆಲ್ಲಕ್ಕೂ ಮೊದಲು ಕಿಲ್ ಸ್ವಿಚ್ಚು, ಸೈಡ್ ಸ್ಟ್ಯಾಂಡ್ ಸ್ವಿಚ್ಚು ನೋಡು. ಎಷ್ಟೋ ಸಲ ಜಡ್ಡು ಇರುವುದು ಅಲ್ಲೇ.

ನಾನು ಕೈ ಹಾಕದೆ ನೋಡುವುದನ್ನು ಕಲಿತದ್ದು ಒಬ್ಬ ಟ್ಯಾಕ್ಸಿ ಡ್ರೈವರಿನಿಂದ. ಆಗುಂಬೆ ಘಾಟಿಯಲ್ಲಿ, ಆಷಾಢದ ಮಳೆಯಲ್ಲಿ, ಅವರ ಅಂಬಾಸಿಡರ್ ಮಿಸ್ಸಿಂಗ್ ಹೊಡೆದು ನಿಂತಿದೆ ಅಂತ ಕರೆ ಬಂತು. ಹೋಗಿ ಬಾನೆಟ್ ಎತ್ತಿದೆ. ಟಾರ್ಚ್ ಆರಿಸು ಅಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೋ, ಈಗ ನೋಡು ಅಂದರು. ಎಂಜಿನ್ ತಡವರಿಸುತ್ತಾ ಓಡುತ್ತಿತ್ತು. ಕತ್ತಲಲ್ಲಿ, ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಮೇಲೆ ಒಂದು ಗೋಪುರದಿಂದ ಇನ್ನೊಂದಕ್ಕೆ ನೀಲಿ ಎಳೆಗಳು ಓಡಾಡುತ್ತಿದ್ದವು, ಮೂರನೇ ಸಿಲಿಂಡರಿನ ವೈರಿನ ಬುಡದಲ್ಲಿ ಚಿಟಚಿಟ ಸದ್ದು. ಆಫ್ ಮಾಡಿ ಕ್ಯಾಪ್ ತೆಗೆದರೆ ಒಳಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ, ಕರೆಂಟು ದಾರಿ ಮಾಡಿಕೊಂಡ ಜಾಗ. ಬ್ಲೇಡಿನಲ್ಲಿ ಹೆರೆದು, ಒಣಬಟ್ಟೆಯಲ್ಲಿ ಒರೆಸಿ ಹಾಕಿದೆ. ನಾಲ್ಕೂ ಸಿಲಿಂಡರ್ ಸೇರಿ ಗಾಡಿ ಘಾಟಿ ಹತ್ತಿತು. ಪ್ಲಗ್ ವೈರ್ ಇರುವ ಗಾಡಿ ಬಂದಾಗ ನೀನೂ ರಾತ್ರಿ ಶಟರ್ ಎಳೆಯುವ ಮೊದಲು, ಹತ್ತಿರದಲ್ಲಿ ಪೆಟ್ರೋಲ್ ವಾಸನೆ ಇಲ್ಲದಾಗ, ದೀಪ ಆರಿಸಿ ನೋಡು. ವೈರಿನ ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆ.

ನನಗೀಗ ಆ ಭಾಗ್ಯ ಇಲ್ಲ. ಎದೆಯಲ್ಲಿ ಪೇಸ್‌ಮೇಕರ್ ಇಟ್ಟ ಮೇಲೆ, ಓಡುವ ಎಂಜಿನ್ನಿನ ಮೇಲೆ ಬಗ್ಗಬೇಡಿ ಅಂತ ಡಾಕ್ಟರು ಹೇಳಿದ್ದಾರೆ. ಮನೆ ಮುಂದೆ ಯಾರದಾದರೂ ಗಾಡಿ ಕೆಟ್ಟರೆ ಜಗಲಿಯಲ್ಲೇ ಕೂತು ಸದ್ದು ಕೇಳಿ ಹೇಳುತ್ತೇನೆ. ಸೆಲ್ಫ್ ಹೊಡೆಯಿರಿ ಅಂತ ನೀನು ಕರೆಯುವ ಗಿರಾಕಿಗಳಲ್ಲೂ ನನ್ನಂಥವರು ಇರುತ್ತಾರೆ ಪುಟ್ಟಾ, ಬಾನೆಟ್ಟಿನ ಹತ್ತಿರ ಕರೆಯುವ ಮೊದಲು ಒಂದು ಮಾತು ಕೇಳು.

ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ. ಮೇಸ್ತ್ರಿ ಎದುರಿಗೆ ನಿಂತು "ಹಿಡಿಯೋ" ಅಂದಾಗ ಆಗಲ್ಲ ಅನ್ನುವುದು ಹೇಗೆ? ಹೊಸಬ ನೀನು, ಎಲ್ಲರೂ ನಕ್ಕಾರು. ಹಾಗಂತ ಕೆಲಸ ಬಿಡು ಅಂತ ನಾನು ಹೇಳುವುದಿಲ್ಲ. ಅವರು ಕೆಟ್ಟವರಲ್ಲ, ತಾವು ಕಲಿತಂತೆ ಕಲಿಸುತ್ತಿದ್ದಾರೆ. ಅದಕ್ಕೆ ನಿನ್ನೆ ಬಸ್ ಪಾರ್ಸೆಲ್ಲಿನಲ್ಲಿ ಎರಡು ಸ್ಪಾರ್ಕ್ ಟೆಸ್ಟರ್ ಕಳಿಸಿದ್ದೇನೆ. ಒಂದು ನಿನಗೆ, ಇನ್ನೊಂದು ಮೇಸ್ತ್ರಿಗೆ. ಊರಿಂದ ನಮ್ಮ ಮಾವ ನಿಮಗೆ ಅಂತ ಕಳಿಸಿದ್ದಾರೆ ಅಂತ ಹೇಳಿ ಕೊಡು, ಬೇರೇನೂ ಹೇಳಬೇಡ. ಮುಂದಿನ ಗಾಡಿಗೆ ನೀನೇ ಮೊದಲು ಕ್ಲಿಪ್ ಕಚ್ಚಿಸು, ಅವರು ನೋಡಲಿ. ಪಾರ್ಸೆಲ್ ರಸೀದಿ ಈ ಕಾಗದದ ಜೊತೆಗಿದೆ, ಭಾನುವಾರದೊಳಗೆ ಹೋಗಿ ಬಿಡಿಸಿಕೋ. ಸಿಕ್ಕ ದಿನವೇ ಫೋನ್ ಮಾಡು, ನಿನ್ನಮ್ಮನಿಗಲ್ಲ, ನನಗೆ.

ಇಂತಿ ನಿನ್ನ
ಮಾವ