ಜ್ವರಕ್ಕೂ ಮೊದಲೇ ಬಾಗಿಲಿಗೆ ಬಂದವರಿಗೆ

ಮಂಗನ ಕಾಯಿಲೆಯಿಂದ ಆಸ್ಪತ್ರೆ ಸೇರಿದ್ದ ನಮ್ಮ ಅಪ್ಪಯ್ಯ ಈಗ ಪೂರ್ಣ ಗುಣವಾಗಿ, ಈ ವರ್ಷದ ಅಡಿಕೆ ಕೊಯ್ಲಿಗೆ ತಾವೇ ತೋಟದಲ್ಲಿ ನಿಂತು ಕೊನೆಗಾರರಿಗೆ ಕೆಲಸ ಹೇಳುವಷ್ಟು ಚೇತರಿಸಿಕೊಂಡಿದ್ದಾರೆ. ಕಾಯಿಲೆಯ ದಿನಗಳಲ್ಲಿ ವಿಚಾರಿಸಿಕೊಂಡ ಬಂಧುಗಳಿಗೆ, ನೆರೆಹೊರೆಯವರಿಗೆ ನಾವು ಮುಖತಃ ಕೃತಜ್ಞತೆ ಹೇಳಿದ್ದೇವೆ. ಆದರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೆ ಸಲ್ಲಬೇಕಾದ ಕೃತಜ್ಞತೆ ನಾಲ್ಕು ಜನರ ಎದುರಿಗೇ ಸಲ್ಲಬೇಕೆಂದು ಮನೆಯವರೆಲ್ಲರಿಗೂ ಅನಿಸಿದ್ದರಿಂದ, ಎಲ್ಲರ ಪರವಾಗಿ ನಾನು ಇದನ್ನು ಬರೆಯುತ್ತಿದ್ದೇನೆ. ಅವರಾರೂ ತಮ್ಮ ಹೆಸರು ಬರೆಯುವುದನ್ನು ಒಪ್ಪಲಿಲ್ಲ. ಹಾಗಾಗಿ ಹುದ್ದೆಯಿಂದಲೇ ಕರೆಯುತ್ತೇನೆ.

ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ಆಚೀಚೆ ಬದುಕುವವರಿಗೆ ಈ ಕಾಯಿಲೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ದೂರದ ಓದುಗರಿಗಾಗಿ ಸ್ವಲ್ಪ ಹೇಳುತ್ತೇನೆ. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಸುತ್ತಲಿನ ಊರುಗಳಲ್ಲಿ ಜನರೂ ಜ್ವರದಿಂದ ಮಲಗಿದಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬಂದು ಇದಕ್ಕೆ ಕಾರಣವಾದ ವೈರಾಣುವನ್ನು ಗುರುತಿಸಿದರು. ರೋಗವನ್ನು ಹರಡುವುದು ಕಾಡಿನ ಉಣುಗು. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಎಳ್ಳಿನ ಕಾಳಿಗಿಂತ ಚಿಕ್ಕದಾದ ಮರಿ ಉಣುಗುಗಳು ಒಣ ಎಲೆಗಳ ನಡುವೆ ತುಂಬಿಕೊಂಡಿರುತ್ತವೆ. ನಾವು ಕೊಟ್ಟಿಗೆಗೆ ಹಾಸಲು, ಗೊಬ್ಬರ ಮಾಡಲು ಬೆಟ್ಟದಿಂದ ದರಕು, ಅಂದರೆ ಉದುರಿದ ಒಣ ಎಲೆ, ತರುವುದು ಸರಿಯಾಗಿ ಅದೇ ತಿಂಗಳುಗಳಲ್ಲಿ. ತೋಟ ಉಳಿಯಬೇಕಾದರೆ ದರಕು ಬೇಕು. ಹೀಗಾಗಿ "ಕಾಡಿಗೆ ಹೋಗಬೇಡಿ" ಎಂಬ ಮಾತಷ್ಟರಿಂದ ಮಲೆನಾಡಿನ ಕೃಷಿಕನಿಗೆ ಯಾವ ಉಪಕಾರವೂ ಆಗುವುದಿಲ್ಲ. ನಮ್ಮ ಆರೋಗ್ಯ ಕೇಂದ್ರದವರು ಇದನ್ನು ಅರಿತಿದ್ದರು, ಹೋಗುವವರು ಹೇಗೆ ಹೋಗಬೇಕು ಎಂಬುದನ್ನು ಹೇಳಿಕೊಟ್ಟರು ಎಂಬುದೇ ನಾನು ಅವರಲ್ಲಿ ಮೊದಲು ಗೌರವಿಸುವ ಸಂಗತಿ.

ನಮ್ಮೂರ ಆಶಾ ಕಾರ್ಯಕರ್ತೆಯನ್ನು ಎಲ್ಲರೂ ಆಶಾ ಅಕ್ಕ ಎಂದೇ ಕರೆಯುತ್ತೇವೆ. ಕಾಯಿಲೆಯ ಕಾಲ ಶುರುವಾಗುವ ಮೊದಲೇ ಅವರು ಉಣುಗು ಕಚ್ಚದಂತೆ ಮೈಗೆ ಹಚ್ಚುವ ಡೆಪಾ ತೈಲದ ಬಾಟಲಿಗಳನ್ನು ಹೊತ್ತು ಮನೆಮನೆಗೆ ಬರುತ್ತಾರೆ. ಕಾಡಿಗೆ ಹೋಗುವ ಮುನ್ನ ಕೈಕಾಲು, ಕುತ್ತಿಗೆಗೆ ಅದನ್ನು ಹಚ್ಚಿಕೊಳ್ಳಬೇಕು, ಮೈತುಂಬ ಬಟ್ಟೆ ಹಾಕಿಕೊಳ್ಳಬೇಕು, ಮರಳಿ ಬಂದೊಡನೆ ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ ಸ್ನಾನ ಮಾಡಬೇಕು ಎಂಬುದನ್ನು ಪ್ರತಿ ಮನೆಯಲ್ಲೂ ಹೊಸದಾಗಿ ಹೇಳುವಂತೆ ಹೇಳುತ್ತಾರೆ. ಎಣ್ಣೆ ಅಂಟಂಟು, ವಾಸನೆ ಬೇರೆ ಎಂದು ಮೂಗು ಮುರಿಯುವವರ ಮನೆಗೆ ಇನ್ನೊಮ್ಮೆ ಹೋಗುತ್ತಾರೆ. ಇವರ ದಿನ ಇಷ್ಟರಲ್ಲೇ ಮುಗಿಯುವುದಿಲ್ಲ. ಗರ್ಭಿಣಿಯರ ತಾಯಿ ಕಾರ್ಡು, ಗುರುವಾರದ ಮಕ್ಕಳ ಲಸಿಕೆ, ಕ್ಷಯರೋಗಿಗಳು ಮಾತ್ರೆ ತಪ್ಪಿಸದಂತೆ ನೋಡಿಕೊಳ್ಳುವುದು, ಎಲ್ಲವೂ ಅದೇ ಒಂದು ಚೀಲದಲ್ಲಿ, ಅದೇ ಕಾಲ್ನಡಿಗೆಯಲ್ಲಿ ಸಾಗಬೇಕು.

ಕಳೆದ ಬೇಸಿಗೆಯ ಮೊದಲಲ್ಲಿ ಬೆಟ್ಟದ ಅಂಚಿನಲ್ಲಿ ಒಂದು ಮಂಗ ಸತ್ತು ಬಿದ್ದಿರುವುದನ್ನು ದನ ಕಾಯುವ ಹುಡುಗರು ನೋಡಿದರು. ಸುದ್ದಿ ಆಶಾ ಅಕ್ಕನಿಗೆ ಮುಟ್ಟಿತು, ಅಂದೇ ಆರೋಗ್ಯ ಕೇಂದ್ರಕ್ಕೂ ತಲುಪಿತು. ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ನಡೆಸಿದರು, ಅರಣ್ಯ ಇಲಾಖೆಯವರು ಕಳೇಬರವನ್ನು ಸುಟ್ಟರು, ಸತ್ತ ಜಾಗದ ಸುತ್ತ 50 ಮೀಟರ್ ವ್ಯಾಪ್ತಿಯಲ್ಲಿ ಉಣುಗು ಕೊಲ್ಲುವ ಮೆಲಾಥಿಯಾನ್ ಪುಡಿ ಹಾಕಲಾಯಿತು. ಮರುದಿನ ಆರೋಗ್ಯ ಇಲಾಖೆಯ ಇಬ್ಬರು ಕ್ಷೇತ್ರ ಸಿಬ್ಬಂದಿ ಒಂದು ಬಿಳಿಯ ಫ್ಲಾನೆಲ್ ಬಟ್ಟೆಯನ್ನು ಕೋಲಿಗೆ ಕಟ್ಟಿ, ಕಾಡಿನ ನೆಲದ ಮೇಲೆ ನಿಧಾನವಾಗಿ ಎಳೆಯುತ್ತ ನಡೆಯುವುದನ್ನು ನಾನು ಹತ್ತಿರದಿಂದ ನೋಡಿದೆ. ಬಟ್ಟೆಗೆ ಹತ್ತಿಕೊಂಡ ಉಣುಗುಗಳನ್ನು ಚಿಮಟದಿಂದ ಒಂದೊಂದಾಗಿ ಹೆಕ್ಕಿ ಸೀಸೆಗೆ ಹಾಕಿ, ಜಾಗದ ಹೆಸರು ಬರೆದು ಪರೀಕ್ಷೆಗೆ ಕಳುಹಿಸಿದರು. ಯಾವ ಉಣುಗಿನಿಂದ ಊರನ್ನು ಕಾಪಾಡಬೇಕೋ ಅದೇ ಉಣುಗು ತಮ್ಮನ್ನು ಕಚ್ಚಬಹುದಾದ ನೆಲದಲ್ಲಿ ಅವರು ಇಡೀ ಬೆಳಗು ಕಳೆದರು. ಈ ಕೆಲಸವನ್ನು ಊರಿನಲ್ಲಿ ಹೆಚ್ಚಿನವರು ನೋಡಿಯೇ ಇಲ್ಲವಾದ್ದರಿಂದ, ಆ ಇಬ್ಬರಿಗೆ ಇಲ್ಲಿ ಬೇರೆಯಾಗಿಯೇ ನಮಸ್ಕಾರ ಹೇಳುತ್ತೇನೆ.

ಅಪ್ಪಯ್ಯನಿಗೆ ಜ್ವರ ಬಂದದ್ದು ಆ ನಂತರ. ಚಳಿಯೊಡನೆ ಏರಿದ ಜ್ವರ, ಹಣೆ ಸಿಡಿಯುವಂಥ ನೋವು, ಸೊಂಟ ಮತ್ತು ಮೀನಖಂಡಗಳ ಸೆಳೆತ, ಕೆಂಪಾದ ಕಣ್ಣುಗಳು. ಮರುದಿನವೇ ಜ್ವರ ಸಮೀಕ್ಷೆಗೆಂದು ಬಂದ ಆಶಾ ಅಕ್ಕ ಜಗುಲಿಯಲ್ಲಿ ಮಲಗಿದ್ದವರನ್ನು ಕಂಡು, "ಅಪ್ಪಯ್ಯ ದರಕಿಗೆ ಹೋಗಿದ್ರಾ? ಯಾವ ಕಡೆ ಬೆಟ್ಟ?" ಎಂದು ಮೊದಲು ಕೇಳಿದರು. ಅಮ್ಮ ಹೇಳಿದ ಜಾಗ ಮಂಗ ಸತ್ತ ಜಾಗಕ್ಕೆ ಹತ್ತಿರದ್ದೇ ಆಗಿತ್ತು. ಅವರು ಅಲ್ಲಿಂದಲೇ ವೈದ್ಯಾಧಿಕಾರಿಗಳಿಗೆ ಫೋನ್ ಮಾಡಿದರು. ಮಧ್ಯಾಹ್ನದೊಳಗೆ ಪ್ರಯೋಗಾಲಯ ತಂತ್ರಜ್ಞರು ರಕ್ತ ತೆಗೆದು, ಕೊಳವೆಗೆ ಚೀಟಿ ಅಂಟಿಸಿ, ಐಸ್ ಪ್ಯಾಕ್ ಇಟ್ಟ ಪೆಟ್ಟಿಗೆಯಲ್ಲಿರಿಸಿ ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯಕ್ಕೆ ಕಳುಹಿಸಿದರು. ವರದಿ ಬರುವವರೆಗೂ ಪ್ಯಾರಸಿಟಮಾಲ್ ಬಿಟ್ಟು ಬೇರೆ ಯಾವ ನೋವಿನ ಮಾತ್ರೆಯನ್ನೂ ಕೊಡಕೂಡದೆಂದು ವೈದ್ಯಾಧಿಕಾರಿಗಳು ಅಮ್ಮನಿಗೆ ಖಡಾಖಂಡಿತವಾಗಿ ಹೇಳಿದರು. ಈ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವವಾಗುವ ಭಯವಿರುವಾಗ ಕೆಲವು ನೋವಿನ ಮಾತ್ರೆಗಳು ಅಪಾಯವನ್ನು ಹೆಚ್ಚಿಸುತ್ತವೆ ಎಂಬ ಕಾರಣವನ್ನೂ ವಿವರಿಸಿದರು. ಮೈಕೈ ನೋವಿಗೆ ಮನೆಯಲ್ಲಿದ್ದ ಗುಳಿಗೆ ನುಂಗಿಸಿ ಎರಡು ದಿನ ಕಾಯುವುದು ನಮ್ಮ ಕಡೆಯ ರೂಢಿ. ಆ ದಿನ ಆ ರೂಢಿ ನಡೆಯದೆ ಹೋದದ್ದು ಅಪ್ಪಯ್ಯನ ಪಾಲಿಗೆ ಎಷ್ಟು ದೊಡ್ಡದಾಗಿತ್ತೆಂಬುದು ನಮಗೆ ಅರಿವಾದದ್ದು ಆಮೇಲೆ.

ಈ ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧ ಇನ್ನೂ ಇಲ್ಲ. ಬೇಗ ಪತ್ತೆ ಹಚ್ಚಿ, ದೇಹದ ನೀರಿನಂಶ ಕಾಯ್ದು, ರಕ್ತದ ಪ್ರಮಾಣಗಳನ್ನು ಗಮನಿಸುತ್ತ, ತೊಡಕು ಕಂಡ ಕೂಡಲೇ ಮೇಲಿನ ಆಸ್ಪತ್ರೆಗೆ ಸಾಗಿಸುವುದೇ ಚಿಕಿತ್ಸೆ. ಹಲವು ದಶಕ ನಮ್ಮ ಊರುಗಳಲ್ಲಿ ಕೊಡುತ್ತಿದ್ದ ಹಳೆಯ ಲಸಿಕೆಯೂ ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಂತುಹೋಯಿತು. ಹೊಸ ಲಸಿಕೆಗಾಗಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೇತೃತ್ವದಲ್ಲಿ ಕೆಲಸ ನಡೆದಿದೆ. ಅಂದರೆ ಈಗ ನಮ್ಮನ್ನು ಕಾಯುತ್ತಿರುವುದು ಸೂಜಿಯೂ ಅಲ್ಲ, ಮಾತ್ರೆಯೂ ಅಲ್ಲ, ಸಮಯಕ್ಕೆ ಸರಿಯಾಗಿ ಬಾಗಿಲಿಗೆ ಬರುವ ಈ ಜನ. 2018ರ ಕೊನೆ ಮತ್ತು 2019ರ ಮೊದಲ ತಿಂಗಳುಗಳಲ್ಲಿ ನಮ್ಮದೇ ತಾಲ್ಲೂಕಿನ ಅರಳಗೋಡಿನಲ್ಲಿ ಹಲವರು ಈ ಕಾಯಿಲೆಗೆ ಬಲಿಯಾದದ್ದನ್ನು ಕಂಡವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ವರದಿಯಲ್ಲಿ ಸೋಂಕು ದೃಢಪಟ್ಟಿತು, ಪ್ಲೇಟ್‌ಲೆಟ್ ಇಳಿಯತೊಡಗಿತು. ಸಾಗರದ ಆಸ್ಪತ್ರೆಯಿಂದ ಮಣಿಪಾಲಕ್ಕೆ ಕರೆದೊಯ್ಯಲು ನಿರ್ಧರಿಸಿದಾಗ ರಾತ್ರಿಯಾಗಿತ್ತು. 108ರ ಚಾಲಕರು ಹುಲಿಕಲ್ ಘಾಟಿಯ ತಿರುವುಗಳಲ್ಲಿ ಒಂದೇ ಹದದಲ್ಲಿ ಗಾಡಿ ಇಳಿಸಿದರು. ಅವರ ಜೊತೆಗಿದ್ದ ಶುಶ್ರೂಷಕರು ದಾರಿಯುದ್ದಕ್ಕೂ ಅಪ್ಪಯ್ಯನ ನಾಡಿ, ಉಸಿರು ನೋಡುತ್ತ ಅಮ್ಮನಿಗೆ ಧೈರ್ಯ ಹೇಳುತ್ತಿದ್ದರು. ಆಸ್ಪತ್ರೆಯ ವೆಚ್ಚವನ್ನು ಸರ್ಕಾರವೇ ಭರಿಸಿತು. ಅದಕ್ಕೆ ಬೇಕಾದ ಕಾಗದಪತ್ರಗಳನ್ನು ನಮ್ಮ ಹಿರಿಯ ಆರೋಗ್ಯ ನಿರೀಕ್ಷಕರು ತಾವಾಗಿಯೇ ಹೊಂದಿಸಿ ಕಳುಹಿಸಿದ್ದರಿಂದ, ತೋಟದ ಮೇಲೆ ಸಾಲ ಮಾಡುವ ಪ್ರಸಂಗ ನಮಗೆ ಬರಲಿಲ್ಲ.

ಅವರ ಇನ್ನೊಂದು ಉಪಕಾರವನ್ನು ಹೇಳದೆ ಮುಂದೆ ಹೋಗಲಾರೆ. ಅಪ್ಪಯ್ಯ ಆಸ್ಪತ್ರೆಯಲ್ಲಿದ್ದಾಗ ಕೆಲವರು ನಮ್ಮ ಮನೆಯ ಹಾಲು ಬೇಡವೆಂದರು, ಕೆಲಸದವರು ಅಂಗಳಕ್ಕೆ ಬರಲು ಹಿಂಜರಿದರು. ಅವರನ್ನು ನಾನು ದೂರುವುದಿಲ್ಲ, ಭಯ ಅಷ್ಟಿತ್ತು. ಆರೋಗ್ಯ ನಿರೀಕ್ಷಕರು ಒಂದು ಸಂಜೆ ಕೇರಿಯವರನ್ನೆಲ್ಲ ನಮ್ಮ ಅಂಗಳದಲ್ಲೇ ಸೇರಿಸಿ, ಈ ರೋಗ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲವೆಂದು ಬಿಡಿಸಿ ಹೇಳಿ, ಅಮ್ಮ ಕೊಟ್ಟ ಚಹಾವನ್ನು ಎಲ್ಲರೆದುರು ಕುಡಿದರು. ಮಾರನೆಯ ದಿನ ಹಾಲಿನ ಪಾತ್ರೆಗಳು ಮತ್ತೆ ಬಂದವು.

ಮನೆಗೆ ಮರಳಿದ ಮೇಲೂ ಅವರು ನಮ್ಮನ್ನು ಬಿಡಲಿಲ್ಲ. ಈ ಕಾಯಿಲೆ ಕೆಲವರಲ್ಲಿ ಇಳಿದಂತೆ ತೋರಿ, ಒಂದೆರಡು ವಾರಗಳ ನಂತರ ಮತ್ತೆ ಜ್ವರ ಬಂದು ಮಿದುಳು, ನರಗಳಿಗೆ ತೊಂದರೆ ಕೊಡುವುದುಂಟು. ಅದಕ್ಕಾಗಿ ಸಮುದಾಯ ಆರೋಗ್ಯಾಧಿಕಾರಿಯವರು ಪದೇಪದೇ ಬಂದು, ಕೈ ನಡುಗುತ್ತದೆಯೇ, ಕುತ್ತಿಗೆ ಬಿಗಿಯುತ್ತದೆಯೇ, ಮಾತು ತಡವರಿಸುತ್ತದೆಯೇ ಎಂದು ನೋಡಿ ಹೋಗುತ್ತಿದ್ದರು. ಆ ನಿಶ್ಶಕ್ತಿಯ ವಾರಗಳಲ್ಲಿ ಅಪ್ಪಯ್ಯ ಮಾತಿಗಾಗಿ ಅವರ ದಾರಿ ಕಾಯುತ್ತಿದ್ದರು. ಔಷಧಕ್ಕಿಂತ ಇದು ಕಡಿಮೆಯದಲ್ಲ ಎಂದು ನಾನು ನಂಬುತ್ತೇನೆ.

2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಅಹೋರಾತ್ರಿ ಧರಣಿ ಕುಳಿತದ್ದನ್ನು ನಾವು ಟಿವಿಯಲ್ಲಿ ನೋಡಿದ್ದೆವು. ಕೃತಜ್ಞತೆಯ ಬರಹದಲ್ಲಿ ಈ ವಿಷಯ ಏಕೆಂದು ಕೆಲವರಿಗೆ ಅನಿಸಬಹುದು. ಅವರ ದುಡಿಮೆಯಿಂದ ಮನೆಯ ಯಜಮಾನನನ್ನು ಮರಳಿ ಪಡೆದವರು ಅವರ ಸಂಬಳದ ಮಾತು ಬಂದಾಗ ಸುಮ್ಮನಿರುವುದು ಸರಿಯಲ್ಲ. ಅವರಿಗೆ ನ್ಯಾಯವಾದ ಗೌರವಧನ ತಿಂಗಳು ತಿಂಗಳಿಗೆ ಸರಿಯಾಗಿ ಸಿಗಲಿ, ಹಳ್ಳಿಯ ಆರೋಗ್ಯ ಕೇಂದ್ರಗಳ ಖಾಲಿ ಹುದ್ದೆಗಳು ಬೇಸಿಗೆಗೆ ಮೊದಲೇ ತುಂಬಲಿ ಎಂದು ನಮ್ಮ ಗ್ರಾಮಸಭೆಯಲ್ಲಿ ನಾವು ಲಿಖಿತವಾಗಿ ಕೇಳಲಿದ್ದೇವೆ.

ವೈದ್ಯಾಧಿಕಾರಿಗಳಿಗೆ, ಆಶಾ ಅಕ್ಕನಿಗೆ, ಆರೋಗ್ಯ ನಿರೀಕ್ಷಕರಿಗೆ, ಸಮುದಾಯ ಆರೋಗ್ಯಾಧಿಕಾರಿಗೆ, ಪ್ರಯೋಗಾಲಯದವರಿಗೆ, 108ರ ಇಬ್ಬರಿಗೆ, ಮಣಿಪಾಲದ ವಾರ್ಡಿನ ದಾದಿಯರಿಗೆ ನಮ್ಮ ಮನೆಯವರೆಲ್ಲರ ಹೃತ್ಪೂರ್ವಕ ವಂದನೆಗಳು. ಡಿಸೆಂಬರಿನ ಡೆಪಾ ತೈಲ ವಿತರಣೆ ಮತ್ತು ತಿಳಿವಳಿಕೆಯ ಸಭೆಗೆ ಈ ವರ್ಷ ನಮ್ಮ ಮನೆಯ ಜಗುಲಿಯನ್ನು ಬಿಟ್ಟುಕೊಡುವುದಾಗಿ ಅಪ್ಪಯ್ಯ ಆರೋಗ್ಯ ಕೇಂದ್ರಕ್ಕೆ ತಿಳಿಸಿದ್ದಾರೆ. ಕೇರಿಯವರೆಲ್ಲರೂ, ಅದರಲ್ಲೂ ದರಕಿಗೆ ಹೋಗುವ ಕೆಲಸದವರನ್ನು ತಪ್ಪದೆ ಕರೆದುಕೊಂಡು, ಬರಬೇಕಾಗಿ ವಿನಂತಿ.